ಮಳೆಗಾಲಕ್ಕೆ ಮೋಟಾರು ಎತ್ತಿಡುವ ಮುನ್ನ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಕೃಷಿ ಪುಟದಲ್ಲಿ ಮಳೆಗಾಲದ ತಯಾರಿ ಬಗ್ಗೆ ಲೇಖನ ಬಂದಿತ್ತು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು, ತೋಟದ ಬಸಿಗಾಲುವೆ ಬಿಡಿಸುವುದು, ಕೊಟ್ಟಿಗೆಯ ಮಾಡು ಸರಿ ಮಾಡುವುದು, ಎಲ್ಲವೂ ಇತ್ತು. ತೋಟಕ್ಕೆ ನೀರು ಕೊಡುವ ಮೋಟಾರಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಪೂರ್ತಿ ಹಾಕಿ.

ನಾನು ತೀರ್ಥಹಳ್ಳಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ, ಅಂದರೆ ಸುಟ್ಟ ಮೋಟಾರಿಗೆ ಹೊಸ ತಾಮ್ರದ ತಂತಿಯ ಕಾಯಿಲ್ ಕಟ್ಟಿಕೊಡುವ ಅಂಗಡಿ ನಡೆಸುವವಳು. ಮದುವೆಯಾಗಿ ಬಂದಾಗ ಅಂಗಡಿ ನಮ್ಮ ಮನೆಯ ಜಗಲಿಯಲ್ಲೇ ಇತ್ತು. ಮೊದಮೊದಲು ಕಾಯಿಲ್ ಸುತ್ತಿ ಕೊಡುವುದಷ್ಟೇ ನನ್ನ ಕೆಲಸ. ಬೆಳಿಗ್ಗೆ ಬಳೆ ತೆಗೆದಿಟ್ಟು ಕೂತರೆ ಮಧ್ಯಾಹ್ನದ ಅಡುಗೆ ಹೊತ್ತಿಗೆ ಏಳುತ್ತಿದ್ದೆ. ಯಜಮಾನರು ತೀರಿಕೊಂಡು 9 ವರ್ಷ ಆಯಿತು. ಈಗ ಸ್ಲಾಟಿಗೆ (ಮೋಟಾರಿನ ಒಳಗಿನ ಕಬ್ಬಿಣದ ಸೀಳಿಗೆ) ಕಾಯಿಲ್ ಇಳಿಸುವುದು, ಕನೆಕ್ಷನ್, ವಾರ್ನಿಶ್, ಟೆಸ್ಟಿಂಗ್ ಎಲ್ಲ ನಾನೇ ಮಾಡುತ್ತೇನೆ. ಜೊತೆಗೆ ಒಬ್ಬ ಹುಡುಗ ಇದ್ದಾನೆ. ಒಟ್ಟು 24 ವರ್ಷ ಸುಟ್ಟ ಮೋಟಾರುಗಳ ನಡುವೆಯೇ ಬದುಕಿದ್ದೇನೆ.

ನಮ್ಮ ಕಡೆ ಮೋಟಾರಿಗೆ ಅರ್ಧ ವರ್ಷ ಕೆಲಸ, ಅರ್ಧ ವರ್ಷ ರಜೆ. ಅಡಿಕೆ ಕೊಯ್ಲು ನಡೆಯುತ್ತಿರುವಾಗಲೇ ನೀರು ಬಿಡಲು ಶುರು ಮಾಡಿದರೆ ಮೇ ಕೊನೆವರೆಗೆ ಓಡಿಸುತ್ತಾರೆ. ಮೃಗಶಿರ ಮಳೆ ಹಿಡಿಯುವ ಮೊದಲು ತುಂಗೆಯ ದಡದಲ್ಲಿ, ಹಳ್ಳದ ಬದಿಯಲ್ಲಿ ಕೂರಿಸಿದ ಮೋಟಾರನ್ನು ಎತ್ತಿಕೊಂಡು ಬರುತ್ತಾರೆ. ಇಲ್ಲದಿದ್ದರೆ ಹೊಳೆ ಒಯ್ಯುತ್ತದೆ. ಇಬ್ಬರು ಬೊಂಬಿಗೆ ಹಗ್ಗ ಹಾಕಿ ಹೊತ್ತು ತಂದು ಎಲ್ಲೋ ಒಂದು ಮೂಲೆಗೆ ಇಡುತ್ತಾರೆ. ಆಮೇಲೆ ಡಿಸೆಂಬರ್‌ವರೆಗೆ ಅದರ ನೆನಪು ಯಾರಿಗೂ ಇಲ್ಲ. ಆಗುಂಬೆ ನಮ್ಮ ತಾಲ್ಲೂಕಿನಲ್ಲೇ ಇದೆ. ಅಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ. ಆ ಮಳೆಯಲ್ಲಿ ಗೋಡೆಗೆ ನೇತು ಹಾಕಿದ ಬಟ್ಟೆಗೇ ಬೂಷ್ಟು ಬರುತ್ತದೆ. ಮೋಟಾರಿನೊಳಗೆ ಏನಾಗುತ್ತದೆ ಎಂದು ಯೋಚನೆ ಮಾಡುವವರು ಕಡಿಮೆ.

ಜನವರಿಯಲ್ಲಿ ನಮ್ಮ ಅಂಗಡಿ ಮುಂದೆ ನಿಂತು ನೋಡಬೇಕು. ಪಿಕಪ್ಪಿನಲ್ಲಿ, ಆಟೋದಲ್ಲಿ, ಬೈಕಿನ ಹಿಂದೆ ಕಟ್ಟಿಕೊಂಡು ಮೋಟಾರು ಬರುತ್ತಲೇ ಇರುತ್ತವೆ. ಎಲ್ಲರದ್ದೂ ಒಂದೇ ಮಾತು. ‘ಅಕ್ಕಾ, ಮೇ ತಿಂಗಳಲ್ಲಿ ಚೆನ್ನಾಗಿ ಓಡ್ತಿತ್ತು. ಸ್ವಿಚ್ ಹಾಕಿದ್ದೇ ತಡ, ಢಪ್ ಅಂತು.’

ಮೇ ತಿಂಗಳಲ್ಲಿ ಚೆನ್ನಾಗಿದ್ದದ್ದು ಜನವರಿಯಲ್ಲಿ ಯಾಕೆ ಸುಟ್ಟಿತು? ಸುಟ್ಟ ಕಾಯಿಲೇ ಅದನ್ನು ಹೇಳುತ್ತದೆ. ಮೋಟಾರ್ ಬಿಚ್ಚಿದಾಗ ಕಾಯಿಲ್ ಸುತ್ತಲೂ ಒಂದೇ ಸಮ ಕಪ್ಪಾಗಿದ್ದರೆ ಅದು ಲೋಡ್ ಜಾಸ್ತಿಯಾಗಿ ಸುಟ್ಟದ್ದು. ಸ್ಟಾರ್ ಜೋಡಣೆಯ, ಅಂದರೆ ಮೂರು ಫೇಸಿನ ಕಾಯಿಲಿನ ಒಂದೊಂದು ತುದಿ ಒಂದೇ ಕಡೆ ಸೇರಿಸಿದ, ಮೋಟಾರಿನಲ್ಲಿ ಎರಡು ಫೇಸಿನ ಕಾಯಿಲ್ ಕರಕಲಾಗಿ ಮೂರನೆಯದು ಹೊಸದರ ಹಾಗೆ ಹೊಳೆಯುತ್ತಿದ್ದರೆ ಅದು ಒಂದು ಫೇಸ್ ಕರೆಂಟ್ ಹೋದಾಗ ಸುಟ್ಟದ್ದು. ಇವೆರಡೂ ಮಳೆಗಾಲದ ತಪ್ಪಲ್ಲ. ಆದರೆ ಎಷ್ಟೋ ಮೋಟಾರುಗಳಲ್ಲಿ ಕಾಯಿಲ್ ಎಲ್ಲ ಕೆಂಪಗೆ ಚೆನ್ನಾಗಿಯೇ ಇರುತ್ತದೆ. ಒಂದೇ ಒಂದು ಕಡೆ, ಕಾಯಿಲ್ ಸ್ಲಾಟಿನಿಂದ ಹೊರಗೆ ಬರುವ ಬಾಯಿಯಲ್ಲಿ, ಬಟಾಣಿ ಕಾಳಿನಷ್ಟು ಜಾಗ ಸುಟ್ಟು ತೂತಾಗಿರುತ್ತದೆ. ಅಲ್ಲಿ ತಾಮ್ರ ಕರಗಿ ಕಬ್ಬಿಣಕ್ಕೆ ಅಂಟಿರುತ್ತದೆ. ಆ ಮೋಟಾರಿನ ಬೇರಿಂಗ್ ನೋಡಿದರೆ ತುಕ್ಕು, ಬಾಡಿಯ ತಳದಲ್ಲಿ ನೀರು ನಿಂತ ಗೆರೆ. ಇಂಥದ್ದು ಹೆಚ್ಚಾಗಿ ಥಂಡಿ, ಅಂದರೆ ಗಾಳಿಯ ತೇವ, ಕುಡಿದ ಮೋಟಾರು. ಸ್ವಿಚ್ ಹಾಕುವ ಮೊದಲು ಒಣಗಿಸಿದ್ದರೆ ಅದು ಉಳಿಯುತ್ತಿತ್ತು. ಬಟಾಣಿ ಕಾಳಿನಷ್ಟು ತೂತಿಗಾಗಿ ಇಡೀ ಕಾಯಿಲ್ ಕಿತ್ತು ಹಾಕುವಾಗ ಪ್ರತಿ ಸಲವೂ ನನಗೆ ಹೊಟ್ಟೆ ಉರಿಯುತ್ತದೆ.

ಥಂಡಿ ಒಳಗೆ ಹೋಗುವುದು ಮಳೆ ನೀರು ಬಿದ್ದು ಅಲ್ಲ. ಮೋಟಾರು ಉಸಿರಾಡುತ್ತದೆ. ಹಗಲು ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗಿ ಹೊರಗೆ ಬರುತ್ತದೆ, ರಾತ್ರಿ ತಣ್ಣಗಾದಾಗ ಹೊರಗಿನ ಒದ್ದೆ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಕಬ್ಬಿಣ ಬೇಗ ಬಿಸಿಯಾಗುವುದಿಲ್ಲ. ಬೆಳಿಗ್ಗೆ ಗಾಳಿ ಬೆಚ್ಚಗಾದರೂ ಅದು ತಣ್ಣಗೇ ಇರುತ್ತದೆ. ತಣ್ಣನೆ ಲೋಟದ ಹೊರಗೆ ಹನಿ ಕೂರುವ ಹಾಗೆ ಕಾಯಿಲಿನ ಮೇಲೆ ಹನಿ ಕೂರುತ್ತದೆ. ಆರು ತಿಂಗಳು ದಿನಾ ಇದೇ. ತಂತಿಯ ಎನಾಮೆಲ್ ಬಳಿಯುವಾಗಲೇ ಕಣ್ಣಿಗೆ ಕಾಣದ ಸಣ್ಣ ತೂತುಗಳು ಉಳಿದಿರುತ್ತವೆ. ಸ್ಲಾಟಿನ ಪೇಪರ್ ನೀರು ಹೀರುತ್ತದೆ. ಮೇಲೆ ಧೂಳು ಬೇರೆ ಕೂತಿರುತ್ತದೆ. ಆ ಧೂಳು ಒದ್ದೆಯಾದರೆ ಕರೆಂಟಿಗೆ ದಾರಿ ಸಿಕ್ಕಿತು ಎಂದೇ ಲೆಕ್ಕ.

ಇನ್ನು ಮೋಟಾರು ಇಡುವ ಜಾಗ. ನಮ್ಮಲ್ಲಿ ಹೆಚ್ಚಿನವರು ಇಡುವುದು ಕೊಟ್ಟಿಗೆಯ ಮೂಲೆಯಲ್ಲಿ. ಮಳೆ ತಾಗುವುದಿಲ್ಲ, ಸರಿ. ಆದರೆ ದನದ ಗಂಜಲದಿಂದ ಏಳುವ ಅಮೋನಿಯಾ ಗಾಳಿ ತಾಮ್ರವನ್ನು ತಿನ್ನುತ್ತದೆ. ಟರ್ಮಿನಲ್ ಬಾಕ್ಸ್ ಬಿಚ್ಚಿದರೆ ಲೀಡ್ ವಯರಿನ ತುದಿ ಹಸಿರು, ನೀಲಿ ಬಣ್ಣಕ್ಕೆ ತಿರುಗಿ ಕೈಗೆ ಪುಡಿಯಾಗಿ ಬರುತ್ತದೆ. ಇನ್ನು ಕೆಲವರು ಗೊಬ್ಬರ ಚೀಲಗಳ ಪಕ್ಕದಲ್ಲಿ ಇಡುತ್ತಾರೆ. ಪೊಟ್ಯಾಶ್ ಉಪ್ಪಿನ ಜಾತಿ, ಗಾಳಿಯ ನೀರನ್ನು ಎಳೆದು ಕಬ್ಬಿಣ ತಿನ್ನುತ್ತದೆ. ಬೋರ್ಡೋಗೆ ತಂದ ಮೈಲುತುತ್ತ ಅದಕ್ಕಿಂತ ಕೆಟ್ಟದ್ದು. ಹೋದ ವರ್ಷ ಒಬ್ಬರ ಮೋಟಾರಿನ ಮೇಲೆ ಉಳಿಕೆ ಮೈಲುತುತ್ತದ ಪೊಟ್ಟಣ ಇಟ್ಟಿದ್ದರು. ಅದು ಥಂಡಿಗೆ ಕರಗಿ ಸೋರಿ ಶಾಫ್ಟನ್ನು ಗುಳಿಗುಳಿಯಾಗಿ ತಿಂದಿತ್ತು. ಕಾಯಿಲ್ ಕಟ್ಟಬಹುದು, ಅಂಥ ಶಾಫ್ಟನ್ನು ಏನು ಮಾಡುವುದು?

ಪ್ಲಾಸ್ಟಿಕ್ ಸುತ್ತುವವರೂ ಇದ್ದಾರೆ. ಅವರ ಕಾಳಜಿ ಒಳ್ಳೆಯದೇ. ಆದರೆ ಕೊಟ್ಟೆಯಿಂದ ಬಿಗಿಯಾಗಿ ಸುತ್ತಿ ಹಗ್ಗ ಬಿಗಿದರೆ ಒಳಗಿನ ಥಂಡಿ ಒಳಗೇ ಬೇಯುತ್ತದೆ. ಮೇಲಿನಿಂದ ಟೊಪ್ಪಿ ಹಾಕಿದ ಹಾಗೆ ಹೊದಿಸಿ, ತಳ ಬಿಟ್ಟಿರಿ. ಗಾಳಿ ಆಡಬೇಕು. ನೆಲಕ್ಕೆ ತಾಗಿಸಬೇಡಿ. ಎರಡು ಅಡಿಕೆ ದಬ್ಬೆ ಇಲ್ಲವೇ ಮರದ ತುಂಡಿನ ಮೇಲೆ ಕೂರಿಸಿ. ತಳದಲ್ಲಿ ನೀರು ಬಸಿಯುವ ತೂತು ಇದ್ದರೆ ಅದರ ಬಿರಡೆ ತೆಗೆದಿಡಿ. ಕುಂಬಾರ ಹುಳ ಆ ತೂತಿಗೆ ಮಣ್ಣು ಮೆತ್ತುತ್ತದೆ, ಆಗಾಗ ಕಡ್ಡಿ ಹಾಕಿ ನೋಡಿ. ಕೇಬಲ್ ಬಿಚ್ಚಿದ ಮೇಲೆ ಟರ್ಮಿನಲ್ ಬಾಕ್ಸಿನ ತೂತನ್ನು ಮಾತ್ರ ಗಟ್ಟಿಯಾಗಿ ಮುಚ್ಚಲೇಬೇಕು. ಇಲಿಗೆ ಅದೇ ಬಾಗಿಲು. ಒಂದು ಮೋಟಾರಿನೊಳಗೆ ಇಲಿ ಅಡಿಕೆ ಸಿಪ್ಪೆಯ ಗೂಡು ಕಟ್ಟಿ ಮರಿ ಹಾಕಿತ್ತು. ಅದು ಕಡಿದದ್ದಕ್ಕಿಂತ ಅದರ ಮೂತ್ರದಿಂದ ಹಾಳಾದ ಕಾಯಿಲೇ ಜಾಸ್ತಿ.

ಮೋಟಾರು, ಪಂಪು ಒಂದೇ ಆಗಿ ಬರುವ ಮಾನೋಬ್ಲಾಕ್ ಪಂಪ್ ಆದರೆ ಪಂಪಿನ ಹೊಟ್ಟೆಯಲ್ಲಿ ಉಳಿದ ನೀರನ್ನು ಮರೆಯದೆ ಬಸಿದು ತೆಗೆಯಿರಿ. ಆ ನೀರಿನಲ್ಲಿ ಇಂಪೆಲ್ಲರ್ (ನೀರು ತಳ್ಳುವ ಚಕ್ರ) ಆರು ತಿಂಗಳು ತುಕ್ಕು ಹಿಡಿದು ಗೋಡೆಗೆ ಕಚ್ಚಿಕೊಳ್ಳುತ್ತದೆ. ಸೀಲ್ ಅಂಟಿಕೊಳ್ಳುತ್ತದೆ. ಜನವರಿಯಲ್ಲಿ ಸ್ವಿಚ್ ಹಾಕಿದಾಗ ಮೋಟಾರು ತಿರುಗದೆ ಬರೀ ಗುಂಯ್ ಎನ್ನುತ್ತದೆ. ತಿರುಗದ ಮೋಟಾರು ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಕರೆಂಟ್ ಜಾಸ್ತಿಯಾದರೆ ಮೋಟಾರು ನಿಲ್ಲಿಸುವ ಸ್ಟಾರ್ಟರಿನ ರಿಲೇ ಕೆಲಸ ಮಾಡದಿದ್ದರೆ ಕಾಯಿಲ್ ಸುಡಲು ಹೆಚ್ಚು ಹೊತ್ತು ಬೇಡ. ಎಷ್ಟೋ ತೋಟಗಳಲ್ಲಿ ಆ ರಿಲೇಯನ್ನೇ ತಂತಿ ಹಾಕಿ ಬೈಪಾಸ್ ಮಾಡಿರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಇಡುವ ಜಾಗದ ಬಗ್ಗೆ ನನಗೆ ಪಾಠ ಹೇಳಿಕೊಟ್ಟವರು ಮೇಗರವಳ್ಳಿ ಕಡೆಯ ಒಬ್ಬ ಹಿರಿಯರು. ಅವರ 5 ಎಚ್.ಪಿ. ಮೋಟಾರು ನಮ್ಮಲ್ಲಿ ಕಾಯಿಲ್ ಕಟ್ಟಿ 17 ವರ್ಷ ಆಯಿತು, ಇವತ್ತಿಗೂ ಓಡುತ್ತಿದೆ. ನಮ್ಮ ಯಜಮಾನರು ಒಮ್ಮೆ ಅವರ ಮನೆಗೆ ಹೋದಾಗ ಕೇಳಿದರಂತೆ, ಮೋಟಾರು ಎಲ್ಲಿ ಇಡ್ತೀರಿ ಎಂದು. ಅಡುಗೆಮನೆ ಒಲೆಯ ಗೋಡೆಯ ಆಚೆ ಬದಿಯಲ್ಲಿ ಒಂದು ಮಣೆಯ ಮೇಲೆ ಇಟ್ಟಿದ್ದರು. ದಿನಾ ಎರಡು ಹೊತ್ತು ಒಲೆ ಉರಿಯುತ್ತದೆ. ಗೋಡೆ ಮುಟ್ಟಿದರೆ ಸದಾ ಬೆಚ್ಚಗೆ. ಹೊರಗಿನ ಗಾಳಿಗಿಂತ ಮೋಟಾರು ಸ್ವಲ್ಪ ಬೆಚ್ಚಗಿದ್ದರೆ ಅದರ ಮೇಲೆ ಹನಿ ಕೂರುವುದಿಲ್ಲ. ದೊಡ್ಡ ಕಾರ್ಖಾನೆಗಳ ಮೋಟಾರಿನಲ್ಲಿ ಇದಕ್ಕಾಗಿಯೇ ಹೀಟರ್ ಕೂರಿಸಿರುತ್ತಾರೆ. ನಿಂತಾಗ ಅದು ಉರಿಯುತ್ತಿರುತ್ತದೆ, ಹೊರಗಿಗಿಂತ 5ರಿಂದ 10 ಡಿಗ್ರಿ ಬೆಚ್ಚಗೆ ಇಡುತ್ತದೆ. ಆ ಹಿರಿಯರಿಗೆ ಇದೆಲ್ಲ ಯಾರೂ ಹೇಳಿರಲಿಲ್ಲ. ಉಪ್ಪಿನ ಭರಣಿ, ಬಿತ್ತನೆ ಬೀಜ ಎಲ್ಲ ಅದೇ ಗೋಡೆಗೆ ಇಡುತ್ತಿದ್ದರು. ಮೋಟಾರನ್ನೂ ಹಾಗೇ ನೋಡಿಕೊಂಡರು.

ಈಗ ಗ್ಯಾಸ್ ಬಂದು ಎಷ್ಟೋ ಮನೆಗಳಲ್ಲಿ ಬೆಚ್ಚನೆ ಗೋಡೆ ಇಲ್ಲ. ಅಂಥವರು ಹೊದಿಕೆಯ ಒಳಗೆ ಹಳೆ ಕಾಲದ 40 ವಾಟಿನ ಬಲ್ಬ್ ಒಂದನ್ನು ಹಚ್ಚಿಡಬಹುದು. ಎಲ್‌ಇಡಿ ಆಗುವುದಿಲ್ಲ, ಅದರಲ್ಲಿ ಆ ಬಿಸಿ ಇಲ್ಲ. ಹಗಲು ರಾತ್ರಿ ಉರಿದರೂ ದಿನಕ್ಕೆ ಒಂದು ಯೂನಿಟ್ ಆಗುವುದಿಲ್ಲ. ಬಲ್ಬ್ ಗೋಣಿಗೆ, ಪ್ಲಾಸ್ಟಿಕ್ಕಿಗೆ ತಾಗದಂತೆ ತಂತಿಯ ಬುಟ್ಟಿಯೊಳಗೆ ಇರಲಿ. ಬೆಂಕಿಯ ವಿಷಯ, ಇದರಲ್ಲಿ ಉದಾಸೀನ ಬೇಡ.

ತಿಂಗಳಿಗೊಮ್ಮೆ ಶಾಫ್ಟನ್ನು ಕೈಯಿಂದ ಹತ್ತು ಸುತ್ತು ತಿರುಗಿಸಿ. ಹಿಂದಿನ ಫ್ಯಾನ್ ಕವರ್ ಬಿಚ್ಚಿದರೆ ಸುಲಭ. ನಿಲ್ಲಿಸುವಾಗ ಹಿಂದಿನ ಸಲದ ಜಾಗದಲ್ಲೇ ನಿಲ್ಲಿಸಬೇಡಿ, ಕಾಲು ಸುತ್ತು ಮುಂದೆ ಬಿಡಿ. ಫ್ಯಾನಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿಕೊಂಡರೆ ಸಾಕು. ನಿಂತ ಮೋಟಾರಿನಲ್ಲಿ ಗ್ರೀಸ್ ಕೆಳಗೆ ಇಳಿಯುತ್ತದೆ, ಬೇರಿಂಗಿನ ಮೇಲಿನ ಗೋಲಿಗಳು ಒಣಗಿ ತುಕ್ಕು ಹಿಡಿಯುತ್ತವೆ. ತಿರುಗಿಸಿದರೆ ಗ್ರೀಸ್ ಮತ್ತೆ ಸುತ್ತ ಹಚ್ಚಿಕೊಳ್ಳುತ್ತದೆ.

ಇದರಲ್ಲಿ ಒಂದು ಕಥೆ ಹೇಳಲೇಬೇಕು. ಊರು, ಪಂಚಾಯಿತಿ ಹೆಸರು ಬೇಡ. ಕುಡಿಯುವ ನೀರಿನ ಪಂಪ್‌ಹೌಸಿನಲ್ಲಿ ಎರಡು ಮೋಟಾರು. ಒಂದು ಓಡುವುದು, ಇನ್ನೊಂದು ಸ್ಟ್ಯಾಂಡ್‌ಬೈ. ಆ ಎರಡನೆಯದು ಹೊಸದು, ಮೂರು ವರ್ಷ ಓಡುವ ಮೋಟಾರಿನ ಪಕ್ಕದಲ್ಲೇ ಸುಮ್ನೆ ನಿಂತಿತ್ತು. ಏಪ್ರಿಲ್‌ನಲ್ಲಿ ಓಡುವುದು ಕೆಟ್ಟಿತು. ಹೊಸದಕ್ಕೆ ಸ್ವಿಚ್ ಹಾಕಿದರೆ ಬೇರಿಂಗ್ ಕಿರುಚಲು ಶುರುವಾಯಿತು. ಮರುದಿನ ಜಾಮ್ ಆಗಿ ಕಾಯಿಲೂ ಹೋಯಿತು. ಬಿಚ್ಚಿ ನೋಡಿದೆ. ಬೇರಿಂಗಿನ ಹೊರ ಬಳೆಯಲ್ಲಿ ಗೋಲಿಗಳು ಕೂತಿದ್ದ ಜಾಗಗಳಲ್ಲೇ ಸಾಲಾಗಿ, ಉಗುರಿನಿಂದ ಒತ್ತಿದ ಹಾಗೆ, ಗುಳಿಗಳು. ಪಕ್ಕದ ಮೋಟಾರಿನ ಅದುರು ನೆಲದಿಂದ ಬಂದು ಮೂರು ವರ್ಷ ಒಂದೇ ಜಾಗದಲ್ಲಿ ತಿಕ್ಕಿ ತಿಕ್ಕಿ ಆದ ಗುಳಿಗಳು ಅವು. ಒಂದು ದಿನವೂ ಓಡದ ಮೋಟಾರು ಸವೆದುಹೋಗಿತ್ತು. ನಾಲ್ಕು ದಿನ ಆ ಊರಿಗೆ ನೀರಿರಲಿಲ್ಲ. ಹೆಂಗಸರು ಕೊಡ ಹಿಡಿದು ಎರಡು ಫರ್ಲಾಂಗ್ ನಡೆದರು. ನಾನು ಎರಡು ರಾತ್ರಿ ನಿದ್ದೆಗೆಟ್ಟು ಕಾಯಿಲ್ ಕಟ್ಟಿಕೊಟ್ಟೆ. ವಾರಕ್ಕೊಮ್ಮೆ ಸ್ವಿಚ್ ಬದಲಿಸಿ ಎರಡನ್ನೂ ಸರದಿಯ ಮೇಲೆ ಓಡಿಸಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲ, ಅಲ್ವಾ?

ನನ್ನ ತಮ್ಮ ಬೆಳಗಾವಿ ಕಡೆ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್. ಕಬ್ಬು ಅರೆಯುವುದು ನಿಂತ ಮೇಲೆ ಅಲ್ಲಿಯೂ ಮೋಟಾರುಗಳು ತಿಂಗಳುಗಟ್ಟಲೆ ನಿಂತಿರುತ್ತವೆ. ಪ್ರತಿ ಮೋಟಾರಿಗೂ ಒಂದು ಚೀಟಿ ಕಟ್ಟಿರುತ್ತಾರಂತೆ. ಯಾವ ತಾರೀಖು ಶಾಫ್ಟ್ ತಿರುಗಿಸಿದ್ದು, ಮೆಗ್ಗರ್ ಎಷ್ಟು ತೋರಿಸಿತು, ಯಾರು ನೋಡಿದ್ದು, ಎಲ್ಲ ಅದರಲ್ಲಿ. ಆ ಚೀಟಿಯ ಪದ್ಧತಿ ನನಗೆ ತುಂಬಾ ಹಿಡಿಸಿತು. ಈಗ ನಮ್ಮ ಅಂಗಡಿಯಿಂದ ಹೋಗುವ ಮೋಟಾರಿಗೂ ಒಂದು ರಟ್ಟಿನ ಚೀಟಿ ಕಟ್ಟಿ ಕಳಿಸುತ್ತೇನೆ.

ಮೆಗ್ಗರ್ ಎಂದರೆ ಏನು ಎಂದು ಬಹಳ ರೈತರಿಗೆ ಗೊತ್ತಿಲ್ಲ. ಅಂಗೈ ಅಗಲದ ಮೀಟರು. ಕಾಯಿಲಿಗೂ ಬಾಡಿಗೂ ನಡುವೆ 500 ವೋಲ್ಟ್ ಕೊಟ್ಟು ಎಷ್ಟು ಕರೆಂಟ್ ಸೋರುತ್ತದೆ ಎಂದು ನೋಡುತ್ತದೆ. ಸೋರುವುದು ಕಡಿಮೆಯಾದಷ್ಟೂ ಮೆಗ್‌ಓಮ್ ಅಂಕಿ ದೊಡ್ಡದು. ಒಣಗಿದ ಒಳ್ಳೆ ಕಾಯಿಲ್ ನೂರಾರು ಮೆಗ್‌ಓಮ್ ತೋರಿಸುತ್ತದೆ. ಥಂಡಿ ಹಿಡಿದದ್ದು ಎರಡು, ಒಂದು, ಸೊನ್ನೆ. ಪಾಲಿಟೆಕ್ನಿಕ್ ಓದುತ್ತಿರುವ ಮಗಳು ಹೇಳಿದಳು, ಐಇಇಇ ಎಂಬ ಎಂಜಿನಿಯರುಗಳ ಸಂಸ್ಥೆಯ 43ನೇ ನಂಬರಿನ ಮಾನದಂಡದಲ್ಲಿ ಇಂಥ ಸಣ್ಣ ಮೋಟಾರಿಗೆ ಕನಿಷ್ಠ 5 ಮೆಗ್‌ಓಮ್ ಎಂದು ಇದೆಯಂತೆ. ನಮ್ಮ ಯಜಮಾನರೂ 5ಕ್ಕಿಂತ ಕೆಳಗಿದ್ದರೆ ಸ್ವಿಚ್ ಹಾಕಲು ಬಿಡುತ್ತಿರಲಿಲ್ಲ. ನೋಡುವ ಮೊದಲು ಸ್ಟಾರ್ಟರ್, ಕೇಬಲ್, ಕೆಪಾಸಿಟರ್ ಎಲ್ಲ ಬಿಚ್ಚಿರಬೇಕು. ನೋಡಿದ ಮೇಲೆ ಲೀಡ್ ವಯರನ್ನು ಬಾಡಿಗೆ ಮುಟ್ಟಿಸಿ ಉಳಿದ ಕರೆಂಟ್ ಇಳಿಸಬೇಕು. ಒಂದು ಸಲ ನೋಡಿ ಕಲಿತವರು ಯಾರು ಬೇಕಾದರೂ ಮಾಡಬಹುದು. ಹೆಂಗಸರೂ ಮಾಡಬಹುದು, ನಾನೇ ಮಾಡುತ್ತಿಲ್ಲವೇ?

ಕಡಿಮೆ ತೋರಿಸಿದರೆ ಹೆದರಬೇಕಾಗಿಲ್ಲ. ಹೆಚ್ಚಿನವು ಒಣಗಿಸಿದರೆ ಸರಿಯಾಗುತ್ತವೆ. ಎಂಡ್ ಕವರ್ ಬಿಚ್ಚಿ, ರೋಟರ್ (ತಿರುಗುವ ಭಾಗ) ಹೊರಗೆ ತೆಗೆದು, ಧೂಳು ಊದಿ, ಸ್ಟೇಟರ್ (ಕಾಯಿಲ್ ಇರುವ, ತಿರುಗದ ಭಾಗ) ಒಳಗೆ ಬಲ್ಬ್ ಇಟ್ಟು ಮೇಲೆ ತಗಡು ಮುಚ್ಚಿ ಒಂದೆರಡು ದಿನ ಬಿಡಬೇಕು. ಗಾಳಿ ಹೊರಗೆ ಹೋಗಲು ಸಂದು ಇರಲಿ. ನಿಧಾನವೇ ಮುಖ್ಯ. 80 ಡಿಗ್ರಿ ದಾಟಲು ನಾನು ಬಿಡುವುದಿಲ್ಲ. ಒಬ್ಬರು ಅವಸರಕ್ಕೆ ಅಡಿಕೆ ಬೇಯಿಸುವ ಒಲೆಯ ಕೆಂಡದ ಮೇಲೆ ಸ್ಟೇಟರ್ ಇಟ್ಟು ಪೇಪರ್, ವಾರ್ನಿಶ್ ಎಲ್ಲ ಸುಟ್ಟುಕೊಂಡು ಬಂದಿದ್ದರು. ಇನ್ನೊಂದು ವಿಷಯ ಗೊತ್ತಿರಲಿ. ಒಣಗಿಸಲು ಶುರು ಮಾಡಿದ ಮೇಲೆ ಮೆಗ್ಗರ್ ಮೊದಲು ಇನ್ನೂ ಕೆಳಗೆ ಇಳಿಯುತ್ತದೆ. ಕಾಯಿಲ್ ಬಿಸಿಯಾದಾಗ ಹಾಗಾಗುವುದು ಸಹಜ, ಒಳಗಿನ ನೀರೂ ಓಡಾಡುತ್ತದೆ. ಕೆಟ್ಟೇ ಹೋಯಿತು ಎಂದು ಅಲ್ಲಿಗೆ ಬಿಡಬೇಡಿ. ಆಮೇಲೆ ಏರುತ್ತದೆ, ಏರಿ ಒಂದು ಕಡೆ ನಿಲ್ಲುತ್ತದೆ. ನಿಂತರೆ ಒಣಗಿತು ಎಂದು ಅರ್ಥ.

ಬೋರ್‌ವೆಲ್ ಸಬ್‌ಮರ್ಸಿಬಲ್ ಇರುವವರಿಗೆ ಎರಡೇ ಮಾತು. ಒಳಗೇ ಇದ್ದರೆ ಮಳೆಗಾಲದಲ್ಲೂ ತಿಂಗಳಿಗೊಮ್ಮೆ ಹತ್ತು ನಿಮಿಷ ಓಡಿಸಿ, ಇಲ್ಲದಿದ್ದರೆ ಶಾಫ್ಟ್ ತಿರುಗುವ ಬುಷ್ ಕಚ್ಚಿಕೊಳ್ಳುತ್ತದೆ. ಹೊರಗೆ ತೆಗೆದು ಇಟ್ಟ ನೀರು ತುಂಬುವ ಜಾತಿಯ ಮೋಟಾರನ್ನು ಒಳಗೆ ಶುದ್ಧ ನೀರು ತುಂಬಿಸದೆ ಪರೀಕ್ಷೆಗೂ ಓಡಿಸಬೇಡಿ. ಅದರ ಬೇರಿಂಗಿಗೆ ನೀರೇ ಎಣ್ಣೆ.

ಸುಟ್ಟರೆ ತಾನೇ ನಿಮಗೆ ವ್ಯಾಪಾರ ಎಂದು ಕೇಳುವವರು ಇದ್ದಾರೆ. ನಿಜ ಹೇಳುತ್ತೇನೆ. ಜನವರಿಯಲ್ಲಿ ಒಂದೇ ಸಲ ಮೂವತ್ತು ಮೋಟಾರು ಬಂದರೆ ನಮ್ಮಿಂದ ಆಗುವುದಿಲ್ಲ. ತೋಟ ಒಣಗುತ್ತಿದೆ, ನಾಳೆ ಬೆಳಿಗ್ಗೆಯೇ ಬೇಕು ಎಂದು ಎಲ್ಲರೂ ಕೂರುತ್ತಾರೆ. ಅವಸರದಲ್ಲಿ ವಾರ್ನಿಶ್ ಸರಿಯಾಗಿ ಒಣಗದೆ ಮೋಟಾರು ಹೊರಗೆ ಹೋಗುತ್ತದೆ, ಎರಡು ವರ್ಷಕ್ಕೆ ಮತ್ತೆ ಸುಟ್ಟು ಬರುತ್ತದೆ. ಹಾಗೆ ಮಾಡಿಕೊಟ್ಟ ಕೆಲಸ ನನಗೆ ಸಮಾಧಾನ ಕೊಡುವುದಿಲ್ಲ. ವರ್ಷವಿಡೀ ಸ್ವಲ್ಪ ಸ್ವಲ್ಪ ಕೆಲಸ ಬರಲಿ, ಒಣಗಿಸುವುದು, ಬೇರಿಂಗ್ ಬದಲಿಸುವುದು ಬರಲಿ. ಅದರಲ್ಲೂ ನಮ್ಮ ಜೀವನ ನಡೆಯುತ್ತದೆ.

ನನ್ನ ಬೇಡಿಕೆ ಇಷ್ಟೇ. ನಮ್ಮ ತಾಲ್ಲೂಕಿನ ಪ್ರತಿ ಸೊಸೈಟಿಯಲ್ಲಿ ಒಂದು ಮೆಗ್ಗರ್ ಇರಲಿ. ಒಂದು 5 ಎಚ್.ಪಿ. ಮೋಟಾರಿಗೆ ಕಾಯಿಲ್ ಕಟ್ಟಿಸುವ ದುಡ್ಡಿಗೆ ಒಂದು ಸಾಧಾರಣ ಮೆಗ್ಗರ್ ಬರುತ್ತದೆ. ದೋಟಿ, ಸ್ಪ್ರೇಯರ್ ಬಾಡಿಗೆಗೆ ಕೊಡುವ ಹಾಗೆ ಅದನ್ನೂ ಕೊಡಲಿ. 10 ಎಚ್.ಪಿ.ವರೆಗಿನ ಪಂಪ್‌ಸೆಟ್ಟಿಗೆ ಸರ್ಕಾರ ಉಚಿತ ಕರೆಂಟ್ ಕೊಡುತ್ತಿದೆ, ಆ ಕರೆಂಟ್ ಉಪಯೋಗವಾಗಲು ಮೋಟಾರು ಉಳಿಯಬೇಕಲ್ಲ. ಪಂಚಾಯಿತಿಯವರು ಸ್ಟ್ಯಾಂಡ್‌ಬೈ ಮೋಟಾರಿಗೆ ಒಂದು ಚೀಟಿ ಕಟ್ಟಲಿ, ನೀರುಗಂಟಿ ತಿಂಗಳಿಗೊಮ್ಮೆ ಅದರಲ್ಲಿ ಸಹಿ ಹಾಕಲಿ. ಯಾವ ಸೊಸೈಟಿ, ಯಾವ ಪಂಚಾಯಿತಿ ಕರೆದರೂ ಹೋಗಿ ಮೆಗ್ಗರ್ ನೋಡುವುದನ್ನು ಹೇಳಿಕೊಡಲು ನಾನು ತಯಾರಿದ್ದೇನೆ. ಬಸ್ ಚಾರ್ಜೂ ಬೇಡ.

ರೋಹಿಣಿ ಮಳೆ ಮುಗಿಯುತ್ತ ಬಂತು. ಈ ವಾರವೇ ಮೋಟಾರು ಎತ್ತುವ ಹೊತ್ತು. ಎತ್ತಿಡುವ ಮೊದಲು ನಮ್ಮ ಅಂಗಡಿಗೆ ತಂದರೆ ಮೆಗ್ಗರ್ ನೋಡಿ ಚೀಟಿ ಬರೆದು ಕಟ್ಟಿಕೊಡುತ್ತೇನೆ, ಅದಕ್ಕೆ ದುಡ್ಡಿಲ್ಲ. ತರುವಾಗ ಟರ್ಮಿನಲ್ ಬಾಕ್ಸಿನ ಸ್ಕ್ರೂಗಳನ್ನು ಒಂದು ಪೊಟ್ಟಣದಲ್ಲಿ ಹಾಕಿ ಮೋಟಾರಿಗೇ ಕಟ್ಟಿಕೊಂಡು ಬನ್ನಿ.

ಇಂತಿ,
ನಿಮ್ಮ ಓದುಗಳು,
ಒಬ್ಬ ಮೋಟಾರ್ ವೈಂಡರ್, ತೀರ್ಥಹಳ್ಳಿ